ರಸ್ತೆ ಬಂದರೆ ಸಾಕೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ರಸ್ತೆಗಳು ನಾಡಿನ ನರನಾಡಿಗಳೆಂದು ಬಲ್ಲವರು ಹೇಳುತ್ತಾರೆ. ಮಾತು ನಿಜ. ಆದರೆ ನೆತ್ತರು ಹರಿಯದ ನರ ಇದ್ದೂ ಇಲ್ಲದಂತೆ ಎಂಬುದೂ ಅಷ್ಟೇ ನಿಜ. ಮೊದಲನೆಯ ಮಾತನ್ನು ಸಭೆಗಳಲ್ಲಿ ಎಲ್ಲರೂ ಆಡುತ್ತಾರೆ. ಎರಡನೆಯದನ್ನು ಆಡುವವರು ವಿರಳ. ಆದ್ದರಿಂದ ನನ್ನ ಅಲ್ಪಮತಿಗೆ ತೋರಿದ್ದನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ಇಡುವ ಸಾಹಸ ಮಾಡಿದ್ದೇನೆ.

ನಮ್ಮದು ನ್ಯಾಮತಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕಳೆದ ಬೇಸಿಗೆಯಲ್ಲಿ ಊರ ಜಾತ್ರೆಗೆ ಹೋಗಿದ್ದೆ. ತೇರು ಎಳೆದಾದ ಮೇಲೆ, ಜಿಲ್ಲಾ ಪಂಚಾಯಿತಿಯ ಚುನಾವಣೆಗೆ ನಿಲ್ಲಬೇಕೆಂದಿರುವ ಮಹನೀಯರೊಬ್ಬರು ಗುಡಿಯ ಕಟ್ಟೆಯ ಮೇಲೆ ನಿಂತು ನಾಲ್ಕು ಮಾತು ಆಡಿದರು. ಮಾತಿನ ಸಾರಾಂಶ ಇಷ್ಟು: ರಸ್ತೆಯಾದರೆ ಪೇಟೆ ಹತ್ತಿರವಾಗುತ್ತದೆ, ಪೇಟೆ ಹತ್ತಿರವಾದರೆ ಹಣ ಬರುತ್ತದೆ, ಹಣ ಬಂದರೆ ಅಭಿವೃದ್ಧಿ, ತಮ್ಮನ್ನು ಗೆಲ್ಲಿಸಿದರೆ ಊರೂರಿಗೂ ಕೇರಿಕೇರಿಗೂ ಕಾಂಕ್ರೀಟ್ ರಸ್ತೆ. ಜನ ಚಪ್ಪಾಳೆ ತಟ್ಟಿದರು. ಆಗ ಹಿಂದೆ ನಿಂತಿದ್ದ ನಮ್ಮ ತಂದೆಯವರು, “ರಸ್ತೆ ಆತು ಬಿಡ್ರೀ ಯಜಮಾನ್ರೆ, ಬಸ್ಸು ಯಾವಾಗ?” ಎಂದು ಕೇಳಿಬಿಟ್ಟರು. ಸಭೆ ನಕ್ಕಿತು. ಆ ಮಹನೀಯರೂ ನಕ್ಕು, “ರಸ್ತೆ ಆದ ಮ್ಯಾಲೆ ಬಸ್ಸು ತಾನಾಗೇ ಬರ್ತೈತಿ, ಚಿಂತೆ ಮಾಡಬ್ಯಾಡ್ರಿ” ಎಂದು ಕೆಳಗಿಳಿದರು.

ನಮ್ಮ ತಂದೆ ರುಜು ಮಾಡಲು ಕಲಿತದ್ದು ನಾನು ಹೈಸ್ಕೂಲು ಸೇರಿದ ವರ್ಷ. ಅರ್ಥಶಾಸ್ತ್ರದ ಪುಸ್ತಕವನ್ನು ಅವರು ಕಂಡವರಲ್ಲ. ಆದರೂ ಅವರು ಕೇಳಿದ ಪ್ರಶ್ನೆಗೆ ಮೂರು ವರ್ಷ ಅರ್ಥಶಾಸ್ತ್ರ ಓದಿದ ನನ್ನಲ್ಲಿಯೂ ಉತ್ತರವಿರಲಿಲ್ಲ. ಏಕೆಂದರೆ ನಮ್ಮೂರಿಗೆ ಡಾಂಬರು ರಸ್ತೆ ಬಂದು ಏಳು ವರ್ಷವಾಯಿತು. ಅಂದು ಮುಂಜಾನೆ ಒಂದು, ಸಂಜೆ ಒಂದು ಖಾಸಗಿ ಬಸ್ಸು ಬರುತ್ತಿತ್ತು. ಇಂದೂ ಮುಂಜಾನೆ ಒಂದು, ಸಂಜೆ ಒಂದು. ತಾನಾಗಿ ಬರಬೇಕಾಗಿದ್ದ ಬಸ್ಸು ದಾರಿ ತಪ್ಪಿತೋ ಏನೋ!

ರಸ್ತೆಯ ಉಪಕಾರವನ್ನು ನಾನು ಅಲ್ಲಗಳೆಯುವವಳಲ್ಲ. ನಾನು ಹುಟ್ಟುವಾಗ ನಮ್ಮ ತಾಯಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಕೆಸರಿನಲ್ಲಿ ಆಸ್ಪತ್ರೆಗೆ ಒಯ್ದರಂತೆ. ತಮ್ಮ ಹುಟ್ಟುವಾಗಲೂ ಅದೇ ಪಾಡು. ಇಂದು ಆಂಬುಲೆನ್ಸು ಮನೆಯ ಮುಂದೆ ಬಂದು ನಿಲ್ಲುತ್ತದೆ. 2000ನೆಯ ಇಸವಿ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಬಯಲು ಪ್ರದೇಶದಲ್ಲಿ 500 ಜನರಿರುವ ಹಳ್ಳಿಗೂ ಎಲ್ಲ ಋತುಗಳಲ್ಲಿ ಬಳಸಬಹುದಾದ ರಸ್ತೆ ದೊರೆಯಬೇಕೆಂಬ ಗುರಿ ಇಟ್ಟುಕೊಂಡಿತು. ‘ನಮ್ಮ ಗ್ರಾಮ ನಮ್ಮ ರಸ್ತೆ’ ಎಂಬ ರಾಜ್ಯದ ಯೋಜನೆಯೂ ಅದೇ ಹಾದಿ ಹಿಡಿಯಿತು. ಇವುಗಳಿಂದ ಹಳ್ಳಿಯ ಬಾಳು ಹಸನಾಗಿಲ್ಲವೆಂದರೆ ಉಂಡ ಮನೆಗೆ ಎರಡು ಬಗೆದಂತೆ. ನನ್ನ ತಕರಾರು ರಸ್ತೆಯ ಮೇಲಲ್ಲ, ರಸ್ತೆಗೇ ಮಾತು ಮುಗಿಯಿತೆನ್ನುವವರ ಮೇಲೆ.

ವಿದ್ಯಾರ್ಥಿನಿಲಯದಲ್ಲಿ ನಮ್ಮ ಕೊಠಡಿಯಲ್ಲಿ ನಾಲ್ವರಿದ್ದೇವೆ. ಒಬ್ಬಳು ಚನ್ನಗಿರಿಯ ಕಡೆಯವಳು, ಒಬ್ಬಳು ಹೊನ್ನಾಳಿಯವಳು, ಒಬ್ಬಳು ಜಗಳೂರಿನವಳು, ನಾನು ನ್ಯಾಮತಿಯವಳು. ಜಾತ್ರೆಯಿಂದ ಮರಳಿ ಈ ಸಂಗತಿ ಹೇಳಿದಾಗ ನಾಲ್ವರಲ್ಲಿಯೂ ವಾದ ಹತ್ತಿತು. ನಾಲ್ಕು ತಾಲ್ಲೂಕಿನ ರಸ್ತೆ ನಾಲ್ಕು ಬಗೆ ಎಂಬುದು ಅಂದು ನನಗೆ ಗೊತ್ತಾಯಿತು.

ಚನ್ನಗಿರಿಯ ಗೆಳತಿಯದು ಭದ್ರಾ ನಾಲೆಯ ನೀರುಂಡ ನೆಲ. ಅಡಿಕೆ, ಭತ್ತದ ಸೀಮೆ. ಅಲ್ಲಿ ಬೆಳೆಯುಂಟು, ಸಾಗಿಸಲು ಲಾರಿ, ಟ್ರ್ಯಾಕ್ಟರುಗಳೂ ಉಂಟು. “ನಮ್ಮ ರಸ್ತೆಗೆ ಭಾರ ಹೆಚ್ಚು, ಆಯುಸ್ಸು ಕಡಿಮೆ. ಹೊಸ ರಸ್ತೆ ಬೇಡ, ಇದ್ದದ್ದನ್ನು ಉಳಿಸಲಿ” ಎಂದು ಅವಳ ವಾದ. ಹೊನ್ನಾಳಿಯವಳದು ಹೊಳೆಯ ದಂಡೆ. ಕೂಡಲಿಯಲ್ಲಿ ಒಂದಾದ ತುಂಗೆ-ಭದ್ರೆಯರು ಅವರ ಊರ ಮಗ್ಗುಲಲ್ಲಿಯೇ ಹರಿಯುತ್ತಾರೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ರಸ್ತೆ ಕೊಚ್ಚುತ್ತದೆ. ಬೇಸಿಗೆಯಲ್ಲಿ ಮರಳಿನ ಲಾರಿಗಳು ಉಳಿದುದನ್ನು ಪುಡಿ ಮಾಡುತ್ತವೆ. ಅವಳಿಗೆ ಬೇಕಾದದ್ದು ಮೋರಿ, ಸೇತುವೆ, ಮತ್ತು ಭಾರದ ಲಾರಿಗಳ ಮೇಲೆ ಕಣ್ಣಿಡುವ ಒಬ್ಬ ಅಧಿಕಾರಿ.

ಜಗಳೂರಿನವಳು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ನಮ್ಮೂರ ರಸ್ತೆ ಚೆನ್ನಾಗಿದೆ ಕಣೇ. ಅದರ ಮೇಲೆ ಜನ ಊರು ಬಿಟ್ಟು ಹೋಗುತ್ತಾರೆ” ಎಂದಳು. ಕೊಠಡಿ ಸ್ತಬ್ಧವಾಯಿತು. ಜಗಳೂರು ಮಳೆಯನ್ನು ನಂಬಿದ ಸೀಮೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದಾಗ ಉಳಿದವರಿಗೆ ಅದು ವೃತ್ತಪತ್ರಿಕೆಯ ಸುದ್ದಿ. ಅವಳ ಊರಿಗೆ ಅದು ಕೊಡದ ಮುಂದಿನ ಸಾಲು. ಮೆಕ್ಕೆಜೋಳ ಒಣಗಿದ ವರ್ಷ ಅವಳ ಅಣ್ಣ-ಅತ್ತಿಗೆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋದರು. ಹೋದದ್ದು ಅದೇ ಹೊಸ ರಸ್ತೆಯಲ್ಲಿ. ಅವಳ ತಾಲ್ಲೂಕಿಗೆ ಅಭಿವೃದ್ಧಿಯೆಂದರೆ ಮೊದಲು ನೀರು. ತುಂಗಭದ್ರೆಯಿಂದ 57 ಕೆರೆಗಳನ್ನು ತುಂಬಿಸುವ ಯೋಜನೆಗೂ, 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ಭದ್ರಾ ಮೇಲ್ದಂಡೆ ಯೋಜನೆಗೂ ಆ ಜನ ಕಣ್ಣಿಟ್ಟು ಕಾದದ್ದು ಅದಕ್ಕಾಗಿಯೇ. ಅಂಥ ಊರಿಗೆ ಹೋಗಿ ಅಭ್ಯರ್ಥಿಯು ಬರಿಯ ಕಾಂಕ್ರೀಟಿನ ಮಾತಾಡಿದರೆ ಬಾಯಾರಿದವನ ಕೈಗೆ ಚಪ್ಪಲಿ ಕೊಟ್ಟಂತಾಗುವುದಿಲ್ಲವೆ?

ಇನ್ನು ನನ್ನ ನ್ಯಾಮತಿ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಶ್ರೀ ಜೆ. ಹೆಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ದಾವಣಗೆರೆ ಜಿಲ್ಲೆ ಹುಟ್ಟಿತು. ಜಗಳೂರು ಚಿತ್ರದುರ್ಗದಿಂದಲೂ, ಚನ್ನಗಿರಿ-ಹೊನ್ನಾಳಿಗಳು ಶಿವಮೊಗ್ಗದಿಂದಲೂ ಬಂದು ಸೇರಿದವು. ಆಗ ನ್ಯಾಮತಿ ಹೊನ್ನಾಳಿಯ ಭಾಗ. ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ನಕ್ಷೆಯಲ್ಲಿ ಗೆರೆ ಬದಲಾಯಿತು, ನೆಲ ಬದಲಾಗಲಿಲ್ಲ. ನಮಗೆ ಇಂದಿಗೂ ಶಿವಮೊಗ್ಗವೇ ಹತ್ತಿರ. ದೊಡ್ಡ ಆಸ್ಪತ್ರೆಗೆ, ಮದುವೆಯ ಬಟ್ಟೆಗೆ ಅಲ್ಲಿಗೇ ಹೋಗುವುದು. ಜಿಲ್ಲಾ ಕಚೇರಿಯ ಒಂದು ಕಾಗದಕ್ಕೆ ಮಾತ್ರ ದಾವಣಗೆರೆಯ ಕಡೆ ಮುಖ ಮಾಡಬೇಕು. ನಾಲ್ಕು ಮೂಲೆಯ ನಾಲ್ಕು ತಾಲ್ಲೂಕುಗಳಿಗೆ ಒಂದೇ ಅಳತೆಯ ಅಂಗಿ ಹೊಲಿದರೆ ಯಾರ ಮೈಗೂ ಹಿಡಿಯದು.

ನಮ್ಮ ಮನೆಯ ಕಥೆಯನ್ನೇ ಹೇಳುವೆ. ನಮ್ಮ ಕೇರಿಗೂ ಕಾಂಕ್ರೀಟ್ ಬಿತ್ತು. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹಾಕಿದರು. ಚರಂಡಿ ಆಮೇಲೆ ಎಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಈಗ ಬೀದಿ ನಮ್ಮ ಹೊಸ್ತಿಲಿಗಿಂತ ಒಂದು ಗೇಣು ಎತ್ತರ. ಮಳೆ ಬಂದರೆ ಅಭಿವೃದ್ಧಿ ನೇರವಾಗಿ ಅಡಿಗೆಮನೆಗೇ ಬರುತ್ತದೆ. ತಾಯಿ ಹಿಟ್ಟಿನ ಡಬ್ಬಗಳನ್ನು ಅಟ್ಟಕ್ಕೇರಿಸುತ್ತಾಳೆ. ಕೇಳಹೋದರೆ, ಆ ಲೆಕ್ಕದಲ್ಲಿ ರಸ್ತೆಗೆ ಮಾತ್ರ ಹಣವಿತ್ತು ಎಂಬ ಉತ್ತರ.

ಇದಕ್ಕಿಂತ ಹೆಚ್ಚಿನ ನೋವು ತಂಗಿಯದು. ಪದವಿಪೂರ್ವ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದವಳು. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗಲಿಲ್ಲ. ದಿನಾ ಹೋಗಿಬರೋಣವೆಂದರೆ ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ಊರು ಸೇರಲು ದಾರಿಯಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಒಳ್ಳೆಯ ಯೋಜನೆ, ಆದರೆ ನಮ್ಮೂರಿಗೆ ಬರುವುದು ಖಾಸಗಿ ಬಸ್ಸು. ಟಿಕೆಟ್ಟು ಉಚಿತ, ಬಸ್ಸೇ ಇಲ್ಲ! ಒಂದು ವರ್ಷದಿಂದ ತಂಗಿ ಮನೆಯಲ್ಲಿದ್ದಾಳೆ. ಈಗ ಗಂಡು ನೋಡುವ ಮಾತು ನಡೆದಿದೆ. ನಮ್ಮ ವಂಶದಲ್ಲಿ ಮೊದಲ ಪದವೀಧರೆ ನಾನಾಗುತ್ತೇನೆಂಬ ಹಿಗ್ಗಿನಲ್ಲಿ, ಎರಡನೆಯವಳಾಗಬೇಕಿದ್ದವಳು ಒಂದು ಬಸ್ಸಿನ ಕೊರತೆಯಿಂದ ನಿಂತುಹೋದಳೆಂಬ ಮುಳ್ಳು ಚುಚ್ಚುತ್ತಲೇ ಇದೆ.

ಹಾಗಾದರೆ ಅಭಿವೃದ್ಧಿಯನ್ನು ಅಳೆಯುವುದೆಂತು? ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸರ್ಕಾರಕ್ಕೆ ವರದಿ ಒಪ್ಪಿಸಿದಾಗ ರಾಜ್ಯದ 175 ತಾಲ್ಲೂಕುಗಳನ್ನು 35 ಅಳತೆಗೋಲುಗಳಿಂದ ತೂಗಿ 114ನ್ನು ಹಿಂದುಳಿದವೆಂದು ಹೇಳಿತು. ರಸ್ತೆ ಅವುಗಳಲ್ಲೊಂದು ಬಾಬು. ವ್ಯವಸಾಯ, ಕೈಗಾರಿಕೆ, ವಿದ್ಯೆ, ಆರೋಗ್ಯ ಉಳಿದವು. ವಿದ್ವಾಂಸರು 35 ಕೋಲು ಹಿಡಿದು ಅಳೆದುದನ್ನು ನಮ್ಮ ಅಭ್ಯರ್ಥಿಗಳು ಒಂದೇ ಕೋಲಿನಿಂದ ಅಳೆದು ಮುಗಿಸುತ್ತಾರೆ. ಕಾರಣ ಊಹಿಸುವುದು ಕಷ್ಟವಲ್ಲ. ರಸ್ತೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಗುದ್ದಲಿ ಪೂಜೆ ಮಾಡಬಹುದು, ಹೆಸರಿನ ಕಲ್ಲು ನೆಡಬಹುದು. ಸಂಜೆ ಏಳರ ಬಸ್ಸಿಗೆ ಕಲ್ಲು ನೆಡುವುದು ಎಲ್ಲಿ?

ಅಭ್ಯರ್ಥಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಗೆದ್ದು ಕೂರಬೇಕಾದ ಕುರ್ಚಿಯ ಪಾಡೇನು? 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು ಅಧಿಕಾರ ಜಿಲ್ಲೆಗೆ ಇಳಿದಾಗ, ನೀರ್ ಸಾಬ್ ಎಂದು ಜನ ಪ್ರೀತಿಯಿಂದ ಕರೆದ ಸಚಿವ ಅಬ್ದುಲ್ ನಜೀರ್ ಸಾಬರ ಹೆಸರು ಹಳ್ಳಿಹಳ್ಳಿಯಲ್ಲಿ ಮೊಳಗಿತು. ಆ ನಾಡಿನಲ್ಲಿಯೇ, 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು 2022, 2023, 2024 ಉರುಳಿದವು, ಚುನಾವಣೆ ಬರಲಿಲ್ಲ. ಹಳ್ಳಿಯ ಸಂಪರ್ಕ ರಸ್ತೆಯ ಬಗೆಗೆ ಕೇಳಬೇಕಾದ ಸದಸ್ಯನೇ ಇಲ್ಲದೆ ವರ್ಷಗಳು ಕಳೆದವು. ಪ್ರಶ್ನೆ ಕೇಳುವವರಿಲ್ಲದ ಊರಲ್ಲಿ ಗುಂಡಿ ಬೀಳುವುದು ರಸ್ತೆಗೆ ಮಾತ್ರವಲ್ಲ.

ಆದರೂ ಚುನಾವಣೆ ಇಂದಲ್ಲ ನಾಳೆ ಬರಲೇಬೇಕು. ಅಂದು ನಮ್ಮ ಬಾಗಿಲಿಗೆ ಬರುವ ಅಭ್ಯರ್ಥಿಗೆ ಮೂರು ಪ್ರಶ್ನೆ ಕೇಳೋಣ. ಒಂದನೆಯದು: ತಾವು ಹೇಳುವ ರಸ್ತೆ ಯಾರದು? ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯ ರಸ್ತೆ ಜಿಲ್ಲಾ ಪಂಚಾಯಿತಿಯದು. ಊರೊಳಗಿನ ಬೀದಿ ಗ್ರಾಮ ಪಂಚಾಯಿತಿಯದು. ತಮ್ಮ ಕೈಯಲ್ಲಿಲ್ಲದ ರಸ್ತೆಯ ಭರವಸೆ ತಾವು ಕೊಡಬಾರದು, ನಾವು ಕೊಳ್ಳಬಾರದು. ಎರಡನೆಯದು: ಹಾಕಿದ ಮೇಲೆ ಅದನ್ನು ಕಾಯುವವರು ಯಾರು? ಗ್ರಾಮ ಸಡಕ್ ರಸ್ತೆಯಾದರೆ ಐದು ವರ್ಷ ಗುತ್ತಿಗೆದಾರನೇ ದುರಸ್ತಿ ಮಾಡಬೇಕೆಂಬ ಕರಾರುಂಟು. ಅದರ ವಿವರ ರಸ್ತೆಯ ಮೊದಲಿಗೆ ನೆಟ್ಟ ಫಲಕದಲ್ಲಿಯೇ ಇರುತ್ತದೆ. ನಾವು ಅಕ್ಷರ ಕಲಿತದ್ದು ಏತಕ್ಕೆ? ಆ ಫಲಕವನ್ನು ಓದಿ ಊರವರಿಗೆ ಹೇಳುವುದಾದರೂ ನಮ್ಮಿಂದ ಆಗಬಾರದೆ? ಮೂರನೆಯದು ನಮ್ಮ ತಂದೆಯವರದು: ಆ ರಸ್ತೆಯ ಮೇಲೆ ಯಾವ ಬಸ್ಸು, ಎಷ್ಟು ಗಂಟೆಗೆ?

ಬಸ್ಸು ಬಿಡುವ ಅಧಿಕಾರ ಪಂಚಾಯಿತಿಗಿಲ್ಲವೆಂದು ಅವರು ಹೇಳಬಹುದು. ಅದು ಸರಿಯೇ. ಆದರೆ ಸಾರಿಗೆ ಸಂಸ್ಥೆಯ ಬಾಗಿಲು ತಟ್ಟಲು ಊರವರಿಗಿಂತ ಜನಪ್ರತಿನಿಧಿಯ ಕೈಗೆ ಬಲ ಹೆಚ್ಚು. ತಟ್ಟುವೆನೆಂಬ ಮಾತನ್ನಾದರೂ ಕೊಡಲಿ.

ಸಹಪಾಠಿಗಳೇ, ನಾವು ಪದವಿ ಪಡೆದು ಹೊರಬೀಳುವ ದಿನ ಸಮೀಪಿಸಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಒಂದು ಸಭೆಯಲ್ಲಾದರೂ ಕುಳಿತಿದ್ದೇವೆ? ನಾನೂ ಕುಳಿತಿಲ್ಲವೆಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಓದದ ತಂದೆ ಜಾತ್ರೆಯಲ್ಲಿ ಎದ್ದು ಕೇಳಿದರು. ಓದಿದ ಮಗಳು ಜನರ ನಡುವೆ ಸುಮ್ಮನೆ ನಿಂತಿದ್ದಳು. ಪರೀಕ್ಷೆ ಮುಗಿಸಿ ಊರಿಗೆ ಹೋದೊಡನೆ ಮುಂದಿನ ಗ್ರಾಮಸಭೆಗೆ ನಾನು, ತಂಗಿ ಇಬ್ಬರೂ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಚರಂಡಿಯ ಮಾತು ನನ್ನದು; ಬಸ್ಸಿನ ಮಾತು ಅವಳದು.