ಅಜ್ಜಿ ಏನೂ ಕೇಳಲಿಲ್ಲವಂತೆ!

ನಮ್ಮಲ್ಲಿ ಹೆಂಗಸರು ಸತ್ತ ಮೇಲೆ ಎಲ್ಲರಿಗೂ ಒಂದೇ ಜೀವನಚರಿತ್ರೆ. ದೈವಭಕ್ತೆ, ತ್ಯಾಗಮಯಿ, ಸಹನಾಮೂರ್ತಿ. ಮಕ್ಕಳು ಮೊಮ್ಮಕ್ಕಳೇ ಅವರ ಲೋಕ. ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಕೊನೆಗೆ ಕಿರೀಟ ಇಟ್ಟ ಹಾಗೆ ಒಂದು ಸಾಲು: "ತನಗಾಗಿ ಏನನ್ನೂ ಕೇಳಲಿಲ್ಲ." ಹೆಸರು, ಫೋಟೋ ಬದಲಾಯಿಸಿದರೆ ಯಾವ ಅಜ್ಜಿಗೆ ಬೇಕಾದರೂ ಹೊಂದುತ್ತೆ. ಧಾರವಾಡದಲ್ಲಿ ನನ್ನ ಅಜ್ಜಿ ತೀರಿಕೊಂಡಾಗಲೂ ಇದೇ ಟೆಂಪ್ಲೇಟು ಫ್ಯಾಮಿಲಿ ಗ್ರೂಪಿಗೆ ಬಂತು, ಸ್ಟೇಟಸ್ಸಿಗೆ ಹೋಯ್ತು, ಫ್ಲೆಕ್ಸ್ ಮೇಲೂ ಏರಿತು.

ನನ್ನ ತಕರಾರು ಆ ಕೊನೆಯ ಸಾಲಿನ ಮೇಲೆ. ಸತ್ತವರನ್ನು ಹೊಗಳೋ ನೆಪದಲ್ಲಿ ಬದುಕಿರೋರು ತಮಗೆ ತಾವೇ ಬರ್ಕೊಳ್ಳೋ ನೋ-ಡ್ಯೂ ಸರ್ಟಿಫಿಕೇಟ್ ಅದು. ಅವರು ಕೇಳಲಿಲ್ಲ, ಹಾಗಾಗಿ ನಾವು ಕೊಡಬೇಕಾದ್ದೂ ಏನಿಲ್ಲ. ಲೆಕ್ಕ ಚುಕ್ತಾ.

ಆದರೆ ನನ್ನ ಅಜ್ಜಿ ಕೇಳಿದ್ದಳು. ಅಜ್ಜ ವಿಲ್ ಬರೆಯದೆ ಹೋದರು. ವರ್ಷ ಕಳೆಯೋ ಮೊದಲೇ ಮಾವಂದಿರು ಹಕ್ಕು ಬಿಟ್ಟುಕೊಡೋ ಪತ್ರ ಮಾಡಿಸಿ ತಂದರು. ಅಜ್ಜಿ ಪೆನ್ನು ಹಿಡಿದು, "ಇದರಾಗ ನನ್ನ ಪಾಲು ಎಷ್ಟೈತಿ?" ಅಂದಳಂತೆ. "ನಿನಗ್ಯಾಕವ್ವಾ ಅದೆಲ್ಲಾ, ನಾವಿಲ್ಲೇನು?" ಅಂತ ಉತ್ತರ. ನನ್ನಮ್ಮ ಅಲ್ಲೇ ಕೂತಿದ್ದಳು. ಅವಳ ಸಹಿಯೂ ಅದೇ ಕಾಗದದ ಮೇಲಿದೆ.

ಎಷ್ಟಿತ್ತು ಪಾಲು? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಕ್ರೈಸ್ತ ಗಂಡಸು ಮಕ್ಕಳನ್ನು ಬಿಟ್ಟು, ವಿಲ್ ಇಲ್ಲದೆ ತೀರಿಕೊಂಡರೆ ಆಸ್ತಿಯ ಮೂರನೇ ಒಂದು ಭಾಗ ಹೆಂಡತಿಗೆ. ಉಳಿದದ್ದು ಮಕ್ಕಳಿಗೆ, ಅದರಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಪಕ್ಕದ ಕೇರಳದಲ್ಲಿ ತಿರುವಾಂಕೂರಿನ ಹಳೇ ಕಾಯ್ದೆ ಕ್ರೈಸ್ತ ಹೆಣ್ಣುಮಕ್ಕಳಿಗೆ ಚೂರುಪಾರು ಕೊಟ್ಟು ಕೂರಿಸ್ತಿತ್ತು. ಅದರ ವಿರುದ್ಧ ಮೇರಿ ರಾಯ್ ಸುಪ್ರೀಂ ಕೋರ್ಟಿನ ತನಕ ಹೋಗಿ 1986ರಲ್ಲಿ ಗೆದ್ದರು. ಧಾರವಾಡದ ಅಜ್ಜಿಗೆ ಕೋರ್ಟಿನ ಮೆಟ್ಟಿಲು ಹತ್ತೋ ಅಗತ್ಯವೂ ಇರಲಿಲ್ಲ. ಕಾಯ್ದೆ ಅವಳ ಪರವಾಗೇ ಇತ್ತು. ಅದನ್ನ ಓದಿ ಹೇಳೋ ಬಾಯಿ ಮನೇಲಿ ಇರಲಿಲ್ಲ, ಅಷ್ಟೇ.

ತಮಾಷೆ ಅಂದರೆ, ಅಂತ್ಯಕ್ರಿಯೆಯಲ್ಲಿ ಓದಿದ್ದು ಜ್ಞಾನೋಕ್ತಿಗಳ 31ನೇ ಅಧ್ಯಾಯ. ಗುಣವತಿ ಹೆಂಡತಿಯ ವರ್ಣನೆ. ಹೆಂಗಸರು ಸತ್ತಾಗ ಓದೋ ಖಾಯಂ ಭಾಗ. ಎಲ್ಲರೂ ತಲೆ ಬಗ್ಗಿಸಿ ಕೇಳಿದರು, ಕೇಳಿಸಿಕೊಂಡವರು ಕಡಿಮೆ. ಆ ಹೆಂಗಸು ಸುಮ್ಮನೆ ಮೂಲೇಲಿ ಕೂತಿರೋಳಲ್ಲ ಕಣ್ರೀ. ಹೊಲ ನೋಡಿ, ತೂಗಿ, ತಾನೇ ಕೊಳ್ಳುತ್ತಾಳೆ. ದ್ರಾಕ್ಷಿ ತೋಟ ಹಾಕುತ್ತಾಳೆ. ಬಟ್ಟೆ ಮಾಡಿ ಮಾರುತ್ತಾಳೆ. ಬಾಯಿ ತೆರೆದರೆ ವಿವೇಕದ ಮಾತು. ಇಡೀ ಅಧ್ಯಾಯ ಮುಗಿಯೋದೇ ಅವಳು ದುಡಿದದ್ದರ ಫಲ ಅವಳಿಗೆ ಸಿಗಲಿ, ಊರಬಾಗಿಲಲ್ಲಿ ಅವಳ ಕೆಲಸಕ್ಕೆ ಪ್ರಶಂಸೆ ಸಿಗಲಿ ಅನ್ನೋ ಮಾತಿಂದ. ಓದಿದವರಾಗಲಿ, ಕೇಳಿದವರಾಗಲಿ ಅದನ್ನು ಆ ಕಾಗದದ ಜೊತೆ ಇಟ್ಟು ನೋಡಲಿಲ್ಲ.

ಚರ್ಚಿನಲ್ಲೂ ಅಜ್ಜಿ ಬಾಯಿ ಮುಚ್ಚಿಕೊಂಡಿದ್ದವಳಲ್ಲ. ಪ್ರತಿ ವರ್ಷ ಸುಗ್ಗಿಹಬ್ಬದ ಹರಾಜಿಗೆ ಉಪ್ಪಿನಕಾಯಿ, ಕರ್ಚಿಕಾಯಿ, ಕೌದಿ ಅವಳ ಕೈಯಿಂದಲೇ ಹೋಗೋದು. ಒಂದು ವರ್ಷ ಸಭೆಯಲ್ಲಿ ಎದ್ದು ನಿಂತು, ಆ ದುಡ್ಡು ಯಾವ ಖಾತೆಗೆ ಹೋಯ್ತು ಅಂತ ಲೆಕ್ಕ ಕೇಳಿದಳು. ಒಂದಿಬ್ಬರು ಹಿರಿಯರು ನಕ್ಕರು. ಅಜ್ಜಿ ಮುಂದಿನ ವರ್ಷವೂ ಕೇಳಿದಳು. ಸಹನಾಮೂರ್ತಿಯಂತೆ!

"ಸತ್ತ ಮನೇಲಿ ಆಸ್ತಿ ಲೆಕ್ಕ ಯಾಕೆ, ಭಕ್ತಿಯಿಂದ ಬಾಳಿದ ಜೀವ" ಅಂತೀರಾ? ಹೌದು, ಅವಳ ಭಕ್ತಿ ಅಪ್ಪಟ. ಬೆಳಿಗ್ಗೆ ನಾಲ್ಕೂವರೆಗೆದ್ದು ನಮ್ಮೆಲ್ಲರ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥನೆ ಮಾಡೋಳು. ಅದಕ್ಕೇ ಕೋಪ ಬರೋದು. ದೇವರ ಹತ್ತಿರ ನಮಗೋಸ್ಕರ ಅಷ್ಟು ಕೇಳಿದವಳು, ನಮ್ಮ ಹತ್ತಿರ ತನಗೋಸ್ಕರ ಕೇಳಿದ ಒಂದೇ ಮಾತನ್ನು ನಾವು ಅಳಿಸಿಹಾಕಿದೆವು. ಅವಳ ಭಕ್ತಿಯನ್ನ ಅವಳ ಬಾಯಿಗೆ ಬಟ್ಟೆ ತುರುಕೋಕೆ ಬಳಸಬೇಡಿ.

ನೆನೆಯೋದು ಹೇಗೆ ಅಂತ ಅವಳ ಬೈಬಲ್ಲೇ ಹೇಳಿಕೊಡುತ್ತೆ. ಯೊಪ್ಪ ಅನ್ನೋ ಊರಲ್ಲಿ ತಬಿಥಾ ಅಂತ ಒಬ್ಬಳಿದ್ದಳು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಶಿಷ್ಯೆ' ಅನ್ನೋ ಸ್ತ್ರೀಲಿಂಗ ಪದ ಬರೋದು ಇವಳೊಬ್ಬಳಿಗೇ. ಅವಳು ಸತ್ತಾಗ ಊರಿನ ವಿಧವೆಯರು ಪೇತ್ರನ ಮುಂದೆ ವಿಶೇಷಣ ಜೋಡಿಸಲಿಲ್ಲ. ಅವಳು ಹೊಲಿದ ಬಟ್ಟೆಗಳನ್ನು ತೋರಿಸಿ ಅತ್ತರು.

ಯೋಚನೆ ಮಾಡಿ. ನಿಮ್ಮ ಅಪ್ರೈಸಲ್ಲಲ್ಲಿ "ನಿಸ್ವಾರ್ಥಿ, ಏನೂ ಕೇಳುವುದಿಲ್ಲ" ಅಂತ ಬರೆದು ಹೈಕು ಸೊನ್ನೆ ಕೊಟ್ಟರೆ ಅವತ್ತು ರಾತ್ರಿನೇ ರೆಸ್ಯೂಮೆ ಅಪ್‌ಡೇಟ್ ಮಾಡ್ತೀರಿ. ಅದೇ ಸಾಲನ್ನು ಅಮ್ಮನ ಫೋಟೋ ಕೆಳಗೆ ಹಾಕಿ ಹಾರ್ಟ್ ಇಮೋಜಿ ಒತ್ತುತ್ತೀರಿ.

ಅಮ್ಮ, ಅಜ್ಜಿ ಬದುಕಿದ್ದರೆ ಈ ವಾರ ಒಂದು ಫೋನ್ ಮಾಡಿ. ಮನೆ ಯಾರ ಹೆಸರಲ್ಲಿದೆ, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ, ಅವರಿಗೇನು ಬೇಕು, ಕೇಳಿ. ಉತ್ತರ ಉದ್ದ ಇರಬಹುದು. ಇಯರ್‌ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ.