ಹಂಚಿಹೋದ ಹೊಣೆ

ತೀವ್ರ ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ ನಾಡುಗಳಲ್ಲಿ ಕರ್ನಾಟಕ ಮುಖ್ಯವಾದುದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಆದರೂ ವಾಡಿ, ಶಹಾಬಾದ್ ಸೀಮೆಯ ರಾವೂರದಂಥ ಊರಿನಲ್ಲಿ, ಸ್ಕಿಜೋಫ್ರೇನಿಯಾ ಪೀಡಿತ ಮಗನಿರುವ ಕಲ್ಲುಗಣಿ ಕಾರ್ಮಿಕನೊಬ್ಬನ ಪಾಡನ್ನು ಊಹಿಸಿಕೊಳ್ಳಿ. ಚಿಕಿತ್ಸೆಗೆ ಆರೋಗ್ಯ ಇಲಾಖೆ, ಮಾಸಾಶನಕ್ಕೆ ಕಂದಾಯ ಇಲಾಖೆ, ಗುರುತಿನ ಚೀಟಿಗೆ ವಿಕಲಚೇತನರ ಸಬಲೀಕರಣ ಇಲಾಖೆ, ಮಗ ಮನೆ ಬಿಟ್ಟು ಅಲೆದರೆ ಪೊಲೀಸ್ ಠಾಣೆ. ತಜ್ಞರನ್ನು ಕಾಣಲು ಕಲಬುರಗಿಗೆ ಹೋದ ದಿನ ಕೂಲಿಯಿಲ್ಲ. ಸರ್ಕಾರ ಉಳಿಸಿದ ವೆಚ್ಚವನ್ನು ಹೀಗೆ ಬಡ ಕುಟುಂಬ ತೆರುತ್ತದೆ. ಮಾತ್ರೆ ತಪ್ಪಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ತಪ್ಪಿದ್ದನ್ನು ಗಮನಿಸಬೇಕಾದವರು ಯಾರು? ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನಾನು ಬಲ್ಲೆ, ಹಲವರ ಹೊಣೆ ಕೊನೆಗೆ ಯಾರ ಹೊಣೆಯೂ ಆಗುವುದಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನೂ ಸಮುದಾಯದ ನಡುವಿನ ಬಾಳನ್ನೂ ಹಕ್ಕೆಂದು ಸಾರಿದೆ. 2022ರಲ್ಲಿ ಟೆಲಿ ಮನಸ್ ಸಹಾಯವಾಣಿಯೂ ಬಂತು. ಇವು ಸ್ವಾಗತಾರ್ಹವೇ. ಆದರೆ ತನಗೆ ಕಾಯಿಲೆಯೇ ಇಲ್ಲವೆಂದು ನಂಬಿದ ರೋಗಿ ಯಾರಿಗೂ ಕರೆ ಮಾಡುವುದಿಲ್ಲ. ಅವನ ಬಾಗಿಲಿಗೇ ಹೋಗುವವರು ಬೇಕು.

ಪ್ರತಿ ತಾಲ್ಲೂಕಿಗೆ ಹೊಣೆಗಾರ ಅಧಿಕಾರಿಯೊಬ್ಬರು, ಗೌಪ್ಯವಾಗಿಟ್ಟ ಒಂದೇ ನೋಂದಣಿ ಪುಸ್ತಕ, ಔಷಧಿಯ ದಿನ ತಪ್ಪಿದರೆ ಮನೆಗೆ ತೆರಳುವ ಆರೋಗ್ಯ ಕಾರ್ಯಕರ್ತೆ, ಮಾಸಾಶನ ಮತ್ತು ಚೀಟಿಯ ಅರ್ಜಿಗಳಿಗೆ ಅದೇ ಮೇಜು. ಕ್ಷಯರೋಗಿಗಳ ವಿಷಯದಲ್ಲಿ ಮನೆಗೆ ಹೋಗಿ ವಿಚಾರಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಅದನ್ನು ಮನೋರೋಗಿಗಳಿಗೂ ವಿಸ್ತರಿಸಲು ಹೊಸ ಕಾಯ್ದೆ ಬೇಕಿಲ್ಲ. ಸರ್ಕಾರದ ಒಂದು ಸ್ಪಷ್ಟ ಆದೇಶ ಹೊರಡಲಿ.