ಅಂಚೆಚೀಟಿ ಮೇಲಿನ ಎತ್ತು ನಮ್ಮದೇ

ಅಂಚೆಚೀಟಿ ಕೂಡಿಡೋದು ಪೇಟೆಯವರ ಹವ್ಯಾಸ ಅನ್ನೋ ಮಾತು ನಮ್ಮ ಕಡೆ ಇದೆ. ನಾವು ಒಪ್ಪಲ್ಲ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ದನದ ತಳಿಗಳ ಮೇಲೆ ಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಾಂಗೇಯಂ ಜೊತೆ ನಿಂತದ್ದು ನಮ್ಮ ಹಳ್ಳಿಕಾರ್. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಜೋಡಿ ಜೋಡಿಯಾಗಿ ಬರುತ್ತವಲ್ಲ, ಅದೇ ಎತ್ತು. ಅದರ ಚೀಟಿ ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಮನೆಯಲ್ಲಿದೆ?

ದುಡಿಯೋ ದನ ಚೀಟಿ ಮೇಲೆ ಬಂದದ್ದು ಅದೇ ಮೊದಲಲ್ಲ. 1937ರಲ್ಲಿ ಆರನೇ ಜಾರ್ಜ್ ದೊರೆಯ ಮುಖದ ಜೊತೆ ಟಪಾಲು ಸಾಗುವ ಬಗೆಗಳನ್ನೇ ಅಚ್ಚು ಹಾಕಿದರು. ಎರಡಾಣೆ ಚೀಟಿಯಲ್ಲಿ ಟಪಾಲು ಹೊತ್ತು ಓಡುವ ಆಳು, ಎರಡೂವರೆ ಆಣೆಯದರಲ್ಲಿ ಎತ್ತಿನ ಗಾಡಿ, ಮೂರಾಣೆಗೆ ಟಾಂಗಾ, ಮೂರೂವರೆಗೆ ಒಂಟೆ. ಆಳಿಗಿಂತ ಎತ್ತಿಗೆ ಅರ್ಧಾಣೆ ಜಾಸ್ತಿ!

ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು 1955ರ ಒಂಬತ್ತು ಪೈ ಚೀಟಿ. ಪಂಚವಾರ್ಷಿಕ ಯೋಜನೆಯ ಆ ಸರಣಿಯಲ್ಲಿ ಟ್ರ್ಯಾಕ್ಟರ್ ಇತ್ತು, ಅಣೆಕಟ್ಟೆ ಇತ್ತು, ಎತ್ತು ಕಟ್ಟಿ ಬಾವಿ ನೀರೆತ್ತುವ ಚಿತ್ರವೂ ಇತ್ತು. ನಮ್ಮಲ್ಲಿ ಆ ಕೆಲಸಕ್ಕೆ ಕಪಿಲೆ ಅಂತಿದ್ದರು. ಬೋರ್‌ವೆಲ್ ಕಾಲದಲ್ಲಿ ಹುಟ್ಟಿದ ನಾವು ಕಪಿಲೆ ಕಂಡವರಲ್ಲ. ಹೊಡೆದವರಿಗೆ ಈಗ ಎಪ್ಪತ್ತು ದಾಟಿದೆ. ಆ ಚೀಟಿಯ ಫೋಟೋ ಫೋನಲ್ಲಿ ತೋರಿಸಿ ನಿಮ್ಮ ತಾತನನ್ನೇ ಕೇಳಿ: ಬಾನಿ ಯಾರು ಹೊಲಿಯುತ್ತಿದ್ದರು, ಹಗ್ಗ ಎಲ್ಲಿಂದ ತರುತ್ತಿದ್ದರು, ಎತ್ತನ್ನು ಹಿಂದಕ್ಕೆ ನಡೆಸುವಾಗ ಏನಂತ ಕೂಗುತ್ತಿದ್ದರು. ಆಲ್ಬಂ ಇಟ್ಟವರಿಗೂ ಸಿಗದ ಸಂಗ್ರಹ ಅದು.

ಅವಸರ ಯಾಕೆ ಅಂದರೆ, ಜಮೀನು ಲೇಔಟ್ ಆಗಿ ಹಳೇ ಮನೆ ಕೆಡವುವಾಗ ಟ್ರಂಕಿನ ಕಾಗದಗಳೆಲ್ಲ ಗುಜರಿಗೆ ಹೋಗುತ್ತಿವೆ. ದೇವನಹಳ್ಳಿ, ನೆಲಮಂಗಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕಕ್ಕೆ ಹಾಕುವ ಮುಂಚೆ ಒಂದು ಸಲ ನೋಡಿ. ಚೀಟಿ ಕಂಡರೆ ಕಿತ್ತುಕೊಳ್ಳಬೇಡಿ, ಲಕೋಟೆ ಸಮೇತ ಇಡಿ; ಊರಿನ ಹೆಸರು, ತಾರೀಕು ಇರೋದು ಠಸ್ಸೆಯಲ್ಲೇ. ಹಳೇ ಚೀಟಿಗೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಫೀಸು ಕಟ್ಟಿ ಅನ್ನುವವರ ಫೋನ್ ಬಂದರೆ ಕಟ್ ಮಾಡಿ. ಹಳೇ ನೋಟು, ನಾಣ್ಯದ ಹೆಸರಲ್ಲಿ ಇಂಥದ್ದೇ ಮೋಸ ನಡೆಯುತ್ತಿದೆ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಅಂಚೆ ಇಲಾಖೆಗೂ ಒಂದು ಮಾತು. ಕರ್ನಾಪೆಕ್ಸ್ ಪ್ರದರ್ಶನವನ್ನು ಬೆಂಗಳೂರಿನಲ್ಲಿ ಮಾಡುತ್ತೀರಿ, ಮಾಡಿ. ಹಳ್ಳಿಕಾರ್ ಚೀಟಿ ಹಿಡಿದು ಘಾಟಿ ಜಾತ್ರೆಗೂ ಬನ್ನಿ, ದನಗಳ ಸಾಲಿನಲ್ಲೇ ಒಂದು ಮೇಜು ಹಾಕಿ. ನೋಡೋಕೆ ಬರುವವರನ್ನು ನಾವು ಕರೆತರುತ್ತೇವೆ.